ನಲವತ್ತಾರು ತುಂಬಿದ ಟಂಗ್‌ಸ್ಟನ್

ಶಹಾಪುರದ ಬೆಟ್ಟಗಳ ಹಿಂದೆ ಮನುಷ್ಯರು ಹೊತ್ತಿಸುವ ಒಂದು ಸಣ್ಣ ಸೂರ್ಯನಿದ್ದಾನೆ. ದಿನಕ್ಕೆ ಹನ್ನೆರಡು ಸಲ ಹೊತ್ತಿಸುತ್ತಾರೆ. ಪ್ರತಿ ಸಲವೂ ನಲವತ್ತು ಸೆಕೆಂಡು ಉರಿದು ಆರುತ್ತಾನೆ. ಆ ನಲವತ್ತು ಸೆಕೆಂಡುಗಳ ಬೆಳಕನ್ನು ಓದುವುದು ಡಾ. ಮಹಾನಂದಾ ಬಿರಾದಾರ ಅವರ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಅವರು ಓದುತ್ತ ಬಂದಿರುವುದು ಹೆಚ್ಚುಕಡಿಮೆ ಒಂದೇ ಲೋಹದ ಬೆಳಕು, ಟಂಗ್‌ಸ್ಟನ್ನಿನದು.

ಬೈಜಿಕ ಸಮ್ಮಿಲನ ಕೇಂದ್ರದ ಆ ಯಂತ್ರದಲ್ಲಿ ಉರಿಯುವುದು ಹೈಡ್ರೋಜನ್. ಅದನ್ನು ಕಾಂತಗಳು ಗೋಡೆಗೆ ತಾಗದಂತೆ ಹಿಡಿದಿಡುತ್ತವೆ. ಆದರೂ ಗೋಡೆ ಕಾಯುತ್ತದೆ. ಅಷ್ಟು ಕಾವು ತಡೆಯುವ ಲೋಹ ಇನ್ನೊಂದಿಲ್ಲವೆಂದು ಗೋಡೆಗೆ ಟಂಗ್‌ಸ್ಟನ್ ಹೊದಿಸಿದ್ದಾರೆ. ಎಷ್ಟೇ ಜಾಗ್ರತೆ ಮಾಡಿದರೂ ಗೋಡೆಯಿಂದ ಒಂದೊಂದು ಪರಮಾಣು ಎದ್ದು ಬೆಂಕಿಯೊಳಗೆ ಬೀಳುತ್ತದೆ. ಬಿದ್ದದ್ದೇ ತಡ, ಅದರ ಎಪ್ಪತ್ತನಾಲ್ಕು ಎಲೆಕ್ಟ್ರಾನ್‌ಗಳು ಒಂದೊಂದಾಗಿ ಕಳಚುತ್ತವೆ. ನಲವತ್ತಾರು ಹೋದ ಮೇಲೆ ಉಳಿದ ಇಪ್ಪತ್ತೆಂಟು ಮಾತ್ರ ಒಂದನ್ನೊಂದು ಬಿಗಿಯಾಗಿ ಅಪ್ಪಿ ನಿಲ್ಲುತ್ತವೆ. ಅವನ್ನು ಕೆಣಕಿದಾಗ ಹೊಮ್ಮುವ ಕ್ಷ-ಕಿರಣಗಳು ಬೆಂಕಿಯ ಕಾವನ್ನು ಹೊರಗೆ ಹೊತ್ತು ಒಯ್ಯುತ್ತವೆ. ಹತ್ತು ಸಾವಿರ ಹೈಡ್ರೋಜನ್‌ಗೆ ಒಂದು ಟಂಗ್‌ಸ್ಟನ್ ಸೇರಿದರೆ ಸಾಕು, ಸೂರ್ಯ ಮಂಕಾಗುತ್ತಾನೆ. ನಿಯಂತ್ರಣ ಕೊಠಡಿಯವರು ಅದನ್ನು ಮಸಿ ಎಂದೇ ಕರೆಯುತ್ತಾರೆ.

ಹೀಗೆ ಎಲೆಕ್ಟ್ರಾನ್ ಕಳಚಿಕೊಂಡ ಯಾವ ಅಯಾನು ಯಾವ ತರಂಗದೂರದಲ್ಲಿ ಎಷ್ಟು ಬಲವಾದ ಬೆಳಕಿನ ಗೆರೆ ಮೂಡಿಸುತ್ತದೆ ಎಂಬುದನ್ನು ಮಹಾನಂದಾ ಸಮೀಕರಣಗಳಿಂದ ಲೆಕ್ಕ ಹಾಕಿದ್ದರು. ಇಪ್ಪತ್ತೆಂಟು ಜನರ ಕೂಡುಕುಟುಂಬದಲ್ಲಿ ಒಬ್ಬರು ಮುನಿಸಿಕೊಂಡರೆ ಉಳಿದ ಇಪ್ಪತ್ತೇಳು ಜನರೂ ಕೂತ ಜಾಗ ಬದಲಿಸುವಂತೆ, ಇಲ್ಲಿ ಒಂದು ಎಲೆಕ್ಟ್ರಾನ್ ಅಲುಗಿದರೆ ಎಲ್ಲವೂ ಅಲುಗುತ್ತವೆ. ನಿಖರ ಉತ್ತರ ಯಾರಿಗೂ ಸಿಗುವುದಿಲ್ಲ. ಲಕ್ಷಾಂತರ ಸಾಧ್ಯ ಜೋಡಣೆಗಳನ್ನು ಕೂಡಿಸುತ್ತ ಉತ್ತರದ ಸಮೀಪಕ್ಕೆ ಹೋಗಬೇಕು. ಹೀಗೆ ಸಿದ್ಧವಾದ ಕೋಷ್ಟಕ ಕೈಯಲ್ಲಿದ್ದರೆ ಗೆರೆಗಳನ್ನು ನೋಡಿ ಬೆಂಕಿಯ ಕಾವು ಹೇಳಬಹುದು. ಜನವರಿಯಲ್ಲಿ ಆ ಕೋಷ್ಟಕ ಹೇಳಿದ ಸಂಖ್ಯೆ ಐದು ಕೋಟಿ ಡಿಗ್ರಿ.

ಕೇಂದ್ರದ ಎರಡನೇ ಹಂತಕ್ಕೆ ಹಾಕಿದ್ದ ಷರತ್ತೂ ಅದೇ ಐದು ಕೋಟಿ. ಅದನ್ನು ಅಳೆದವಳು ಮಹಾನಂದಾ ಅವರ ವಿದ್ಯಾರ್ಥಿನಿ ಮೆಹಮೂದಾ ಜಮಾದಾರ. ಪತ್ರಿಕೆಯಲ್ಲಿ ಬಂದ ಅವಳ ಫೋಟೊವನ್ನು ಸುರಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ಅವಳ ತಂದೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದರು. ಅವಳ ಪಿಎಚ್.ಡಿ. ಪ್ರಬಂಧದ ಶೀರ್ಷಿಕೆಯಲ್ಲೇ ಆ ಸಂಖ್ಯೆ ಇತ್ತು. ಮೌಖಿಕ ಪರೀಕ್ಷೆಗೆ ಮೂರು ವಾರ ಉಳಿದಿದ್ದವು.

ಅಂಥ ಒಂದು ಶುಕ್ರವಾರ ಮಧ್ಯಾಹ್ನ ಪದ್ಮರಾಜ ಬಲ್ಲಾಳರ ಫೋನು ಬಂತು. ಅವರು ಕರಾವಳಿಯವರು. ಬಾಹ್ಯಾಕಾಶದಲ್ಲಿರುವ ಕ್ಷ-ಕಿರಣ ದೂರದರ್ಶಕವೊಂದರ ಚಿತ್ರಗಳನ್ನು ಪರಿಶೀಲಿಸುವ ಖಗೋಳಜ್ಞ. ಹಿಂದೊಮ್ಮೆ ಮಹಾನಂದಾ ಅವರ ಉಪನ್ಯಾಸ ಕೇಳಿದ್ದರು.

"ಮೇಡಂ, ನಿಮ್ಮ ಮಸಿ ಆಕಾಶದಲ್ಲಿ ಎಲ್ಲಾದ್ರೂ ಬಿದ್ದುಂಟಾ ಅಂತ ಸ್ವಲ್ಪ ನೋಡ್ತೀರಾ?"

"ನಮ್ ಮಸಿ ನಮ್ ಒಲಿ ಬಿಟ್ಟು ಎಲ್ಲಿ ಹೋಗ್ತದ್ರಿ?"

"ತಮಾಷೆ ಅಲ್ಲ ಮಾರಾಯ್ರೇ. ಒಂದು ಕೆಂಪು ನಕ್ಷತ್ರ, ಮೂವತ್ತನಾಲ್ಕು ಜ್ಯೋತಿರ್ವರ್ಷ ದೂರ. ಬಡಪಾಯಿ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಅದರ ಬದಿಯಲ್ಲಿ ಎಂಥದೋ ಉರೀತಾ ಉಂಟು. ಏಳು ಗೆರೆಗಳು. ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ. ಒಂದು ಮಾತ್ರ ನೀವು ಅವತ್ತು ತೋರಿಸಿದ ಗೆರೆಯ ಜಾಗದಲ್ಲೇ ಕೂತಿದೆ."

ಮಹಾನಂದಾ ಎರಡು ದಿನ ಬಲ್ಲಾಳರು ಕಳಿಸಿದ ರೋಹಿತವನ್ನು, ಅಂದರೆ ಗೆರೆಗಳಾಗಿ ಬಿಡಿಸಿದ ಆ ಬೆಳಕನ್ನು, ತಮ್ಮ ಕೋಷ್ಟಕದೊಂದಿಗೆ ಹೋಲಿಸಿದರು. ಏಳೂ ಗೆರೆಗಳ ಸ್ಥಾನ ಹೊಂದುತ್ತಿತ್ತು. ಅದೊಂದರಿಂದಲೇ ಏನೂ ಸಾಬೀತಾಗುವುದಿಲ್ಲ. ಅವರ ಕೋಷ್ಟಕದಲ್ಲಿ ಸಾವಿರಾರು ಗೆರೆಗಳಿದ್ದವು, ಯಾವ ಏಳನ್ನು ತಂದರೂ ಎಲ್ಲೋ ಒಂದು ಕಡೆ ಕೂರಿಸಬಹುದು. ನೋಡಬೇಕಾದದ್ದು ಗೆರೆಗಳ ಬಲ. ಆಕಾಶದ ಆ ಬೆಂಕಿಯ ಕಾವನ್ನು ಬಲ್ಲಾಳರು ಬೇರೆ ದಾರಿಯಿಂದ, ಯಾವ ಕೋಷ್ಟಕದ ಹಂಗೂ ಇಲ್ಲದೆ, ಗೆರೆಗಳ ಹಿಂದಿನ ಬೆಳಕಿನ ಇಳಿಜಾರಿನಿಂದಲೇ ಅಳೆದಿದ್ದರು. ಅದು ನಾಲ್ಕು ಕೋಟಿ ಎಪ್ಪತ್ತು ಲಕ್ಷ. ಆ ಕಾವಿನಲ್ಲಿ, ಕೋಷ್ಟಕದ ಪ್ರಕಾರ, ಇನ್ನೂ ಒಂದು ಎಲೆಕ್ಟ್ರಾನ್ ಹೆಚ್ಚು ಉಳಿಸಿಕೊಂಡ ಅಯಾನಿನ ಗೆರೆಗಳು ಎದ್ದು ಕಾಣಬೇಕಿತ್ತು. ಚಿತ್ರದಲ್ಲಿ ಅವು ಇರಲಿಲ್ಲ.

'ಸ್ಥಾನ ಹೊಂದುತ್ತದೆ, ಬಲ ಹೊಂದುವುದಿಲ್ಲ. ಇದು ಟಂಗ್‌ಸ್ಟನ್ ಅಲ್ಲ' ಎಂದು ಬರೆದು ಭಾನುವಾರ ಮಧ್ಯಾಹ್ನ ಕಳಿಸಿಬಿಟ್ಟರು.

ಅದೇ ಸಂಜೆ ಮನೆಗೆ ಶರಣಮ್ಮ ಬಂದಳು. ಮಹಾನಂದಾ ಅವರ ಗಂಡ ಶಾಂತಮಲ್ಲಪ್ಪ ನಿವೃತ್ತ ಹೆಡ್‌ಮಾಸ್ತರರು. ಓಣಿಯಲ್ಲಿ ಯಾವ ಮಗುವನ್ನು ಶಾಲೆಗೆ ಸೇರಿಸಬೇಕಾದರೂ ಅರ್ಜಿ ಮೊದಲು ಅವರ ಕಣ್ಣಿಗೆ ಬೀಳಬೇಕು. ಶರಣಮ್ಮ ಅವರ ಅಣ್ಣನ ಸೊಸೆ. ಮಹಾನಂದಾ ಪಡಸಾಲೆಯಲ್ಲಿ ಕೂತು ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದರು.

"ಇದೇನವಾ, ವಯಸ್ಸು ಆರು ಅಂತ ಬರ್ದೀದಿ?" ಶಾಂತಮಲ್ಲಪ್ಪ ಕನ್ನಡಕ ಮೇಲೆತ್ತಿದರು.

"ಹೌದಲ್ರಿ ಮಾವ. ಐದು ತುಂಬಿ ಆರರಾಗ ಬಿದ್ದದ."

"ಬಿದ್ದದ್ದು ಕೇಳಿಲ್ಲ ಅವ್ರು, ತುಂಬಿದ್ದು ಕೇಳ್ಯಾರ. ಐದು ಅಂತ ಬರಿ."

"ಹಂಗಂದ್ರ ನನ್ ಮಗಳದು ಒಂದು ವರ್ಷ ಎಲ್ಲಿ ಹೋತ್ರಿ?"

"ಎಲ್ಲೂ ಹೋಗಿಲ್ಲ. ಇನ್ನ ನಡದದ. ಮೂವತ್ತೊಂದು ವರ್ಷ ಮಾಸ್ತರಕಿ ಮಾಡೀನಿ, ಈ ಊರಾಗ ಒಬ್ರಾದ್ರೂ ಸರಿ ಬರ್ದಿದ್ದು ನೋಡ್ಲಿಲ್ಲ."

ಮಹಾನಂದಾ ನಕ್ಕರು. "ಊರ ಮಂದೀನ ಯಾಕ ಬೈತೀರಿ? ನಮ್ ವಿಜ್ಞಾನಿಗಳೂ ಹಂಗೇ ಬರೀತಾರ. ರೋಹಿತ ಓದೋರು ರೋಮನ್ ಅಂಕಿ ಹಾಕ್ತಾರ ನೋಡ್ರಿ, ಅದು ಬಿದ್ದ ವರ್ಷ. ಎಲೆಕ್ಟ್ರಾನ್ ಒಂದೂ ಹೋಗದೆ ಇರೋ ಪರಮಾಣು ಅಂದ್ರ ಆಗಷ್ಟೇ ಹುಟ್ಟಿದ ಕೂಸು. ತುಂಬಿದ್ದು ಸೊನ್ನೆ, ಬಿದ್ದದ್ದು ಒಂದರಾಗ. ಅದಕ್ಕ ಒಂದು ಅಂತಾರ. ನಲವತ್ತಾರು ಹೋದದ್ದಕ್ಕ ನಲವತ್ತೇಳು ಅಂತಾರ. ಬೆಂಕಿ ನೋಡ್ಕೊಳ್ಳೋ ಪ್ಲಾಸ್ಮಾದವರು ಹಂಗಲ್ಲ, ಹೋದದ್ದನ್ನ ಮಾತ್ರ ಎಣಿಸ್ತಾರ, ತುಂಬಿದ ವರ್ಷ. ಹೊಸ ಹುಡುಗರಿಗೆ ಮೊದಲನೇ ದಿನ ಇದನ್ನೇ ಹೇಳ್ತೀನಿ ನಾನು. ಎರಡೂ ಪಟ್ಟಿ ಜೋಡಿಸುವಾಗ..."



"ಜೋಡಿಸುವಾಗ ಏನ್ರಿ ಅತ್ತಿ?" ಶರಣಮ್ಮ ಕೇಳಿದಳು.

"ಒಂದು ಕಳೀಬೇಕು," ಎಂದರು ಮಹಾನಂದಾ. ಉಳಿದ ಸೊಪ್ಪನ್ನು ಬಿಡಿಸಿ ಮುಗಿಸಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಕೇಂದ್ರಕ್ಕೆ ಹೋಗಿ, ಒಂಬತ್ತು ವರ್ಷಗಳ ಹಿಂದೆ ತಾವೇ ಬರೆದ ಪ್ರೋಗ್ರಾಮನ್ನು ತೆರೆದರು. ಗೆರೆಗಳ ಪಟ್ಟಿ ಅವರ ಗುರುಗಳಿಂದ ಬಂದ ಪದ್ಧತಿಯಲ್ಲಿತ್ತು, ಬಿದ್ದ ವರ್ಷ. ಯಾವ ಕಾವಿನಲ್ಲಿ ಯಾವ ಅಯಾನು ಎಷ್ಟಿರುತ್ತದೆಂಬ ಪಟ್ಟಿ ಪ್ಲಾಸ್ಮಾ ವಿಭಾಗದ್ದು, ತುಂಬಿದ ವರ್ಷ. ಇನ್ನೂರಹನ್ನೆರಡನೆಯ ಸಾಲಿನಲ್ಲಿ ನಲವತ್ತೇಳನ್ನು ನಲವತ್ತೇಳಕ್ಕೆ ಜೋಡಿಸಲಾಗಿತ್ತು. ಕಳೆಯಬೇಕಾದ ಒಂದು ಅಲ್ಲಿರಲಿಲ್ಲ.

ಅಂದರೆ ನಲವತ್ತಾರು ತುಂಬಿದ ಅಯಾನಿನ ಬೆಳಕನ್ನು ನಲವತ್ತೇಳು ತುಂಬಿದವುಗಳ ತಲೆ ಎಣಿಕೆಯಿಂದ ಗುಣಿಸಿದ್ದರು. ಇನ್ನೂ ಒಂದು ಎಲೆಕ್ಟ್ರಾನ್ ಕೀಳಲು ಹೆಚ್ಚು ಕಾವು ಬೇಕು. ಆದ್ದರಿಂದ ಈ ಕೋಷ್ಟಕ ನೋಡಿದವರಿಗೆ ಬೆಂಕಿ ಇರುವುದಕ್ಕಿಂತ ಬಿಸಿಯಾಗಿ ಕಾಣುತ್ತಿತ್ತು. ಒಂಬತ್ತು ವರ್ಷ ಹಾಗೇ ಕಂಡಿತ್ತು. ಯಂತ್ರದಲ್ಲಿ ಕಾವು ಅಳೆಯುವ ಲೇಸರ್ ಮಾಪಕವೂ ಒಂದಿತ್ತು. ಅದು ಯಾವಾಗಲೂ ಆರು ಪ್ರತಿಶತ ಕಡಿಮೆ ತೋರಿಸುತ್ತಿತ್ತು. ಕನ್ನಡಿಗೆ ಧೂಳು ಹಿಡಿದಿದೆ ಎಂದು ಎಲ್ಲರೂ ನಂಬಿ, ಲೇಸರನ್ನೇ ಕೋಷ್ಟಕಕ್ಕೆ ಹೊಂದುವಂತೆ ತಿದ್ದಿದ್ದರು.

ಸಾಲು ಸರಿಪಡಿಸಿ ಲೆಕ್ಕವನ್ನು ಮತ್ತೆ ಓಡಿಸಿದರು. ಎರಡು ಗಂಟೆ ಹಿಡಿಯಿತು. ಮೊದಲು ಆಕಾಶದ ರೋಹಿತವನ್ನು ಮೇಲಿಟ್ಟು ನೋಡಿದರು.

ಏಳೂ ಗೆರೆಗಳು ಕೂತವು. ಸ್ಥಾನದಲ್ಲೂ ಬಲದಲ್ಲೂ, ಪೆನ್ಸಿಲಿನ ಗೆರೆಯ ಮೇಲೆ ಶಾಯಿ ಎಳೆದ ಹಾಗೆ.

ಆಮೇಲೆ ಅವರು ಇನ್ನೊಂದನ್ನು ಹುಡುಕಿದರು. ಕಬ್ಬಿಣ. ನಕ್ಷತ್ರಗಳು ಮಾಡಿದ ಯಾವ ಬಿಸಿ ಅನಿಲದಲ್ಲೂ ಟಂಗ್‌ಸ್ಟನ್ನಿನ ಒಂದು ಪರಮಾಣುವಿಗೆ ಕಬ್ಬಿಣದ ಲಕ್ಷಾಂತರ ಪರಮಾಣುಗಳಿರಬೇಕು. ಟಂಗ್‌ಸ್ಟನ್ ಕಾಣುವ ಮೊದಲು ಕಬ್ಬಿಣ ಕಣ್ಣು ಕುಕ್ಕಬೇಕು. ಇಲ್ಲಿ ಕಬ್ಬಿಣದ ಒಂದು ಗೆರೆಯೂ ಇರಲಿಲ್ಲ. ಪ್ರಕೃತಿಗೆ ಆರಿಸುವ ಚಾಳಿಯಿಲ್ಲ. ಅದಿರಿನಿಂದ ಟಂಗ್‌ಸ್ಟನ್ನನ್ನು ಬೇರ್ಪಡಿಸಿ, ಕಬ್ಬಿಣ ತೆಗೆದು, ಶುದ್ಧಗೊಳಿಸಿ, ಉರಿಯುವ ಹೈಡ್ರೋಜನ್ ಸುತ್ತ ಗೋಡೆಯಾಗಿ ನಿಲ್ಲಿಸಬೇಕಾದರೆ ಯಾರಾದರೂ ಬೇಕು. ಇಡೀ ಭೂಮಿ ಬಳಸುವ ಶಕ್ತಿಯ ಸಾವಿರ ಪಟ್ಟು ಚೆಲ್ಲುವ, ಬಾಯಿ ತೆರೆದ ಯಾವುದೋ ಮಹಾ ಒಲೆ. ಆವರ್ತ ಕೋಷ್ಟಕದ ಅಷ್ಟೂ ಮೂಲವಸ್ತುಗಳನ್ನು ಅವರೂ ಒಂದೊಂದಾಗಿ ಪರೀಕ್ಷಿಸಿ, ನಾವು ನಿಂತ ಎಪ್ಪತ್ತನಾಲ್ಕನೆಯ ಮನೆಯಲ್ಲೇ ನಿಂತಿದ್ದರು.

ಮಹಾನಂದಾ ಕುರ್ಚಿಯಿಂದ ಎದ್ದು ಕಿಟಕಿಯ ಬಳಿ ಹೋದರು. ಹೊರಗೆ ಬೆಳಗಿನ ಬಿಸಿಲಲ್ಲಿ ಬಂಡೆಗಳು, ಒಂದು ಕುರಿ ಹಿಂಡು, ನೀರಿನ ಟ್ಯಾಂಕರು. ಎಲ್ಲ ನಿನ್ನೆಯ ಹಾಗೇ ಇದ್ದವು. ಅವರಿಗೆ ಕೈ ಮುಗಿಯಬೇಕೆನಿಸಿತು. ಯಾವ ದಿಕ್ಕಿಗೆ ಎಂದು ತಿಳಿಯದೆ ಸುಮ್ಮನೆ ನಿಂತರು.

ನಂತರ ಬಂದು ಜನವರಿಯ ದತ್ತಾಂಶವನ್ನು ತಿದ್ದಿದ ಕೋಷ್ಟಕದಲ್ಲಿ ಹಾಕಿದರು. ಐದು ಕೋಟಿ ಇರಲಿಲ್ಲ. ಲೇಸರ್ ಹೇಳಿದಂತೆ ಆರು ಪ್ರತಿಶತ ಕಡಿಮೆ, ಆಕಾಶದ ಬೆಂಕಿಯಷ್ಟೇ, ನಾಲ್ಕು ಕೋಟಿ ಎಪ್ಪತ್ತು ಲಕ್ಷ ಎಂದು ಬಂತು.

ಮೆಹಮೂದಾ ಬಂದು ಕೋಷ್ಟಕದ ತಪ್ಪನ್ನೆಲ್ಲ ನಿಂತೇ ಕೇಳಿದಳು. ಗುರುವಿನ ಮುಖ ನೋಡಲಿಲ್ಲ, ಇನ್ನೂರಹನ್ನೆರಡನೆಯ ಸಾಲನ್ನೇ ನೋಡುತ್ತಿದ್ದಳು.

"ಹಂಗಾದ್ರ ಲೇಸರ್ ಸರಿ ಇತ್ತೇನ್ರಿ ಮೇಡಂ?"

"ಸರಿ ಇತ್ತು."

"ಅದಕ್ಕ ಆರು ಪರ್ಸೆಂಟ್ ಕೂಡಿಸಿದಾಕಿ ನಾನರಿ. ಕನ್ನಡಿ ಎರಡು ಸಲ ಒರೆಸೀನಿ. ಧೂಳೇ ಇರಲಿಲ್ಲ. ಆದ್ರೂ ಕೂಡಿಸಿದೆ. ನಿಮ್ ಕೋಷ್ಟಕ ತಪ್ಪಿರ್ತದ ಅಂತ ಹೆಂಗ ಅಂದ್ಕೊಳ್ಲಿ?"

"ತಪ್ಪು ನಂದು ತಂಗಿ. ಬಿದ್ದದ್ದು, ತುಂಬಿದ್ದು ಅಂತ ಮಂದಿಗೆಲ್ಲ ಪಾಠ ಹೇಳಿ, ನಾನೇ ಮರೆತೆ."

ಮೆಹಮೂದಾ ತಗ್ಗಿದ ದನಿಯಲ್ಲಿ ಕೇಳಿದಳು. "ಇದನ್ನ... ವೈವಾ ಆದ ಮ್ಯಾಲೆ ತಿದ್ದಿದ್ರ ಏನಾಗ್ತದ್ರಿ? ಹದಿನೆಂಟು ದಿನ ಅಷ್ಟ."

ಬೆಳಗಿನಿಂದ ತಾವೂ ಅದನ್ನೇ ಯೋಚಿಸಿದ್ದರೆಂದು ಮಹಾನಂದಾ ಒಪ್ಪಿಕೊಂಡರು. "ಆಕಾಶದ್ದು ಇರದಿದ್ರ ಬಹುಶಃ ಹಂಗೇ ಮಾಡ್ತಿದ್ದೆ. ಬಲ್ಲಾಳರಿಗೆ ನಾ ನಿನ್ನೆ ಟಂಗ್‌ಸ್ಟನ್ ಅಲ್ಲ ಅಂತ ಬರದೀನಿ. ಅವ್ರು ಆ ನಕ್ಷತ್ರ ಬಿಟ್ಟು ಬ್ಯಾರೆ ಕಡೆ ದೂರದರ್ಶಕ ತಿರುಗಿಸ್ತಾರ. ತಿದ್ದಿದ ಕೋಷ್ಟಕ ಕಳಿಸಿದ್ರ ಇಲ್ಲಿನ ತಪ್ಪು ಬಯಲಾಗ್ತದ. ಕಳಿಸದಿದ್ರ ಅಲ್ಲಿರೋದು ಯಾರಿಗೂ ತಿಳಿಯಂಗಿಲ್ಲ. ಮೊದಲು ಇದನ್ನ ನೋಡು."

ಪರದೆಯನ್ನು ಅವಳ ಕಡೆ ತಿರುಗಿಸಿದರು. ಮೆಹಮೂದಾ ಬಾಗಿ ನೋಡಿದಳು. ಅವಳ ಬೆರಳು ಗೆರೆಯಿಂದ ಗೆರೆಗೆ ಹೋಯಿತು, ಏಳನೆಯದರ ಆಚೆ ಖಾಲಿ ಜಾಗದಲ್ಲಿ ನಿಂತಿತು.

"ಕಬ್ಬಿಣ ಎಲ್ಲದರಿ?"

"ಇಲ್ಲ."

"ನಿಕ್ಕಲ್?"

"ಅದೂ ಇಲ್ಲ."

ಅವಳು ಕೂತಳು. ತಲೆಯ ಮೇಲಿನ ಸೆರಗು ಜಾರಿದ್ದು ಗೊತ್ತಾಗಲಿಲ್ಲ. ದಿನಾ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ಕೇಳುವ ಪ್ರಶ್ನೆಯನ್ನೇ ಕೇಳಿದಳು. "ಅವರದು ಮಸಿ ಎಷ್ಟದರಿ?"

ಮಹಾನಂದಾ ಅದನ್ನು ಲೆಕ್ಕ ಹಾಕಿರಲಿಲ್ಲ. ಇಬ್ಬರೂ ಕೂಡಿ ಹಾಕಿದರು. ಲಕ್ಷಕ್ಕೆ ಮೂರು. ಶಹಾಪುರದ ಯಂತ್ರದಲ್ಲಿ ಒಳ್ಳೆಯ ದಿನ ಲಕ್ಷಕ್ಕೆ ಎಂಟು.

"ನಮಗಿಂತ ಶಾಣ್ಯಾರು," ಎಂದು ಮೆಹಮೂದಾ ನಕ್ಕಳು. ಕಣ್ಣಲ್ಲಿ ನೀರಿತ್ತು. "ಆದ್ರ ಅವ್ರಿಗೂ ಪೂರಾ ಹೋಗಿಲ್ಲ ನೋಡ್ರಿ. ಮೊದಲು ಎಷ್ಟಿತ್ತೋ? ಹಳೇ ಚಿತ್ರ ಇರಬೇಕಲ್ರಿ ಬಲ್ಲಾಳ ಸರ್ ಹತ್ರ?"

"ಕೇಳಬೇಕಂದ್ರ ಕೋಷ್ಟಕ ಕಳಿಸಬೇಕು."

ಮೆಹಮೂದಾ ಎದ್ದು ಸೆರಗು ಸರಿಮಾಡಿಕೊಂಡಳು. "ಕಳಸ್ರಿ. ಲೇಸರ್ ತಿದ್ದಿದ್ದು ನಾನು ಅಂತನೂ ಬರೀರಿ."

ಅದರ ಮುಂದಿನ ಎರಡು ವಾರ ಸುಖದವಲ್ಲ. ನಿರ್ದೇಶಕರು ಮೊದಲು ನಂಬಲಿಲ್ಲ, ನಂಬಿದ ಮೇಲೆ ಮಾತು ಬಿಟ್ಟರು. ತಿದ್ದುಪಡಿ ಪ್ರಕಟವಾಯಿತು. ಎರಡನೇ ಹಂತ ಮುಂದೂಡಲ್ಪಟ್ಟಿತು. ಕ್ಯಾಂಟೀನಿನಲ್ಲಿ ಮಹಾನಂದಾ ಕೂತ ಮೇಜಿಗೆ ಕೆಲವರು ಬರುವುದನ್ನು ಬಿಟ್ಟರು. ಮೆಹಮೂದಾ ಸುರಪುರಕ್ಕೆ ಹೋಗಿ ತಂದೆಗೆ ತಾನೇ ಹೇಳಿದಳು. ಅವರು ಕೈಯಲ್ಲಿದ್ದ ತಾಮ್ರದ ತಂತಿಯ ಸುತ್ತುಗಳನ್ನು ಎಣಿಸಿ ಮುಗಿಸಿ, "ಎಣಿಕಿ ತಪ್ಪಿದ್ರ ಬಿಚ್ಚಿ ಮತ್ತ ಸುತ್ತಬೇಕು ಬೇಟಾ. ಮೋಟರಿಗೇನು ಮರ್ಜಿ ಇರ್ತದ? ನಾಲ್ಕು ಕೋಟಿ ಎಪ್ಪತ್ತು ಲಕ್ಷ ಅಂದ್ರ ಕಡಿಮಿ ಬಿಸಿ ಏನು? ಕೈ ಇಟ್ಟು ನೋಡ್ಯಾರ ಯಾರರ?" ಎಂದರಂತೆ.

ಮೌಖಿಕ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಬಲ್ಲಾಳರು ಫೋನು ಮಾಡಿದರು. ಈ ಸಲ ತಮಾಷೆ ಇರಲಿಲ್ಲ.

"ಹಳೆಯದು ಮೂರು ಸಿಕ್ಕಿತು ಮೇಡಂ. ಆಗಿನ ಉಪಕರಣ ಒರಟು, ಯಾರೂ ಕಣ್ಣು ಹಾಯಿಸಿರಲಿಲ್ಲ. ಈಗ ನಿಮ್ಮ ಕೋಷ್ಟಕ ಹಿಡಿದು ನೋಡಿದೆ. ಹದಿನಾಲ್ಕು ವರ್ಷದ ಹಿಂದೆ ಲಕ್ಷಕ್ಕೆ ಹನ್ನೊಂದು. ಒಂಬತ್ತು ವರ್ಷದ ಹಿಂದೆ ಏಳು. ಐದು ವರ್ಷದ ಹಿಂದೆ ಐದು. ಈಗ ಮೂರು." ಅವರು ಉಸಿರೆಳೆದದ್ದು ಕೇಳಿಸಿತು. "ಎಂಥ ಹೇಳುವುದು ಮಾರಾಯ್ರೇ. ಇಳೀತಾ ಬರ್ತಾ ಉಂಟು."

ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. ಶಾಂತಮಲ್ಲಪ್ಪನವರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮೆಹಮೂದಾ ಮೊದಲ ಪುಟದಲ್ಲೇ ಹಳೆಯ ಶೀರ್ಷಿಕೆಯ ಐದು ಕೋಟಿಯ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಹೊಸ ಸಂಖ್ಯೆ ಬರೆದಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ದಾಕ್ಷಿಣ್ಯದವರಲ್ಲ.

"ನಿಮ್ಮ ಪ್ರಬಂಧ ನಿಂತಿದ್ದೇ ಐದು ಕೋಟಿಯ ಮೇಲೆ," ಎಂದರು. "ಅದನ್ನು ನೀವೇ ತೆಗೆದಿದ್ದೀರಿ. ಇನ್ನು ಉಳಿದದ್ದೇನು?"

"ಉಳಿದದ್ದು ತೋರಿಸ್ತೀನ್ರಿ ಸರ್."

ಪರದೆಯ ಮೇಲೆ ನಾಲ್ಕು ಚುಕ್ಕಿಗಳು ಮೂಡಿದವು. ಎಡದಿಂದ ಬಲಕ್ಕೆ ಇಳಿಯುವ ನಾಲ್ಕು ಚುಕ್ಕಿ, ಅವುಗಳ ನಡುವೆ ಒಂದು ನವಿರಾದ ಇಳಿಜಾರು. ಅದು ಏನೆಂದು ಅವಳು ಸಣ್ಣ ವಾಕ್ಯಗಳಲ್ಲಿ ಹೇಳಿದಳು. ಮೂವತ್ತನಾಲ್ಕು ಜ್ಯೋತಿರ್ವರ್ಷದಾಚೆ ಯಾರೋ ತಮ್ಮ ಒಲೆಯ ಮಸಿ ತೆಗೆಯುತ್ತಿದ್ದಾರೆ. ನಮ್ಮ ತಪ್ಪು ಕೋಷ್ಟಕದಲ್ಲಿ ಅವರಿರಲಿಲ್ಲ, ಸರಿಯಾದದ್ದರಲ್ಲಿ ಇದ್ದಾರೆ. ಅವರ ಗೆರೆಗಳ ಬಲ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆಯೆಂದು ಓದಿದರೆ, ಅವರು ಬೆಂಕಿಯ ಅಂಚನ್ನು ಗೋಡೆಗೆ ತಾಗುವ ಮೊದಲೇ ತಣಿಸುತ್ತಿರುವಂತೆ ಕಾಣುತ್ತದೆ. ಅದನ್ನು ಶಹಾಪುರದಲ್ಲೂ ಮಾಡಿ ನೋಡಬಹುದು.

"ಆದ್ರ ಟೈಮ್ ಕಡಿಮಿ ಅದರಿ," ಎಂದಳು. "ಇದೇ ಚಾಲಿನಾಗ ಇಳದ್ರ ಇನ್ನ ಹನ್ನೆರಡು ವರ್ಷಕ್ಕ ಲಕ್ಷಕ್ಕ ಒಂದರ ಕೆಳಗ ಹೋಗ್ತದ. ಅದಕ್ಕಿಂತ ಕಡಿಮಿ ನಮ್ ದೂರದರ್ಶಕಕ್ಕ ಕಾಣಂಗಿಲ್ಲ. ಹೈಡ್ರೋಜನ್‌ಗಂತೂ ಅಷ್ಟು ಕಾವಿನಾಗ ಇದ್ದೊಂದು ಎಲೆಕ್ಟ್ರಾನೂ ಹೋಗಿ ಗೆರಿ ಇರಂಗಿಲ್ಲ; ಉಳಿಯೋ ಬೆಳಕು ನಕ್ಷತ್ರದ್ದೋ ಒಲಿದೋ ಗೊತ್ತಾಗಂಗಿಲ್ಲ. ನಮಗ ಅವ್ರು ಕಂಡದ್ದು ಮಸಿ ಇದ್ದದ್ದಕ್ಕ. ಗೆದ್ದ ದಿನ ಕಾಣದಂಗ ಆಗ್ತಾರ."

ಪರೀಕ್ಷಕರು ಪೆನ್ನನ್ನು ಕೆಳಗಿಟ್ಟರು. ಮಹಾನಂದಾ ಆ ನಾಲ್ಕು ಚುಕ್ಕಿಗಳನ್ನು ನೋಡುತ್ತಿದ್ದರು. ಐದನೆಯದಕ್ಕೂ ಆರನೆಯದಕ್ಕೂ ಬೇಕಾದ ಬೆಳಕು ಆಗಲೇ ಅಲ್ಲಿಂದ ಹೊರಟು, ಮೂವತ್ತನಾಲ್ಕು ವರ್ಷಗಳ ದಾರಿಯಲ್ಲಿದೆ. ಕೊನೆಯ ಚುಕ್ಕಿಯ ಬೆಳಕೂ ಹೊರಟಿದೆ. ಅಲ್ಲಿ ಆ ಕೆಲಸ ಮುಗಿದು ಎಷ್ಟೋ ವರ್ಷಗಳಾಗಿರಬೇಕು.

ಹಿಂದಿನ ಸಾಲಿನಲ್ಲಿ ಶಾಂತಮಲ್ಲಪ್ಪ ಎದ್ದುನಿಂತರು. ಕೇಳುವ ಹಕ್ಕು ತಮಗಿಲ್ಲವೆಂದು ಗೊತ್ತಿತ್ತು. ಆದರೂ ಕೈ ಎತ್ತಿದರು.

"ಒಂದು ಮಾತು ಕೇಳ್ಲೇನವಾ? ನೀ ಅವ್ರ ಸಲುವಾಗಿ ಏನು ಬೇಡ್ಕೊಂತಿ? ಗೆರಿ ಇರ್ಲಿ ಅಂತೋ, ಹೋಗ್ಲಿ ಅಂತೋ?"

ಮೆಹಮೂದಾ ಪರದೆಯ ಕಡೆ ತಿರುಗಿದಳು. ಇಳಿಜಾರಿನ ಕೊನೆಯಲ್ಲಿದ್ದ ಖಾಲಿ ಬಿಳುಪನ್ನು ಒಂದು ಕ್ಷಣ ನೋಡಿದಳು.

"ಹೋಗ್ಲಿ ಅಂತೀನ್ರಿ ಸರ್. ಗೆರಿ ಆರಲಿ, ಒಲಿ ಉರೀಲಿ."

ಆಮೇಲೆ ಪರೀಕ್ಷಕರ ಕಡೆ ತಿರುಗಿ, "ಮುಂದಿನ ಪ್ರಶ್ನಿ ಕೇಳ್ರಿ," ಎಂದಳು.